ಅಧ್ಯಕ್ಷರು ಕೊಟ್ಟ ಇಪ್ಪತ್ತೆರಡು ಕಂಪ್ಯೂಟರು

ಅಧ್ಯಕ್ಷರು ತೀರಿಕೊಂಡ ಹದಿನೈದನೆಯ ದಿನ ಮೈಸೂರು ಸರಸ್ವತಿಪುರಂನ ನಮ್ಮ ಪಾರ್ಕಿನಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಾಡಾಗಿತ್ತು. ಐದು ಜನ ಮಾತಾಡಿದರು. ಐವರೂ ಸುಳ್ಳು ಹೇಳಿದರು. ಒಬ್ಬರು ಅವರನ್ನು ಪರಿಸರ ಪ್ರೇಮಿ ಅಂದರು, ಇನ್ನೊಬ್ಬರು ಪರಿಸರ ಯೋಧ ಅಂದರು, ಮೂರನೆಯವರು ಭೂತಾಯಿಯ ಹೊಟ್ಟೆಗೆ ವಿಷ ಸೇರದಂತೆ ಕಾದ ಮಹಾನುಭಾವರು ಅಂದರು. ಆರನೆಯವಳಾಗಿ ನನ್ನನ್ನು ಕರೆದರು, "ಅವರಿಂದ ಉಪಕಾರ ಪಡೆದ ಶಾಲೆಯ ಶಿಕ್ಷಕಿ" ಎಂದು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ ಕೂತುಬಿಟ್ಟೆ. ದುಃಖಕ್ಕೆ ಕಟ್ಟಿದೆ ಎಂದುಕೊಂಡು ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಕಟ್ಟಿದ್ದು ದುಃಖಕ್ಕಲ್ಲ. ಅಲ್ಲಿ ಆಡದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಮನೆಯವರಿದ್ದಾರೆ, ಅವರು ನನಗೆ ಯಾವ ಕೆಡುಕನ್ನೂ ಮಾಡಿದವರಲ್ಲ. ಅಲ್ಲದೆ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ದೊಡ್ಡ ಕಾರ್ಖಾನೆಯೊಂದರಲ್ಲಿ ಸಾಮಾನು ಖರೀದಿಯ ಅಧಿಕಾರಿಯಾಗಿದ್ದು ನಿವೃತ್ತರಾದ ಮೇಲೆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾದರು. ಆಮೇಲೆ ಇಳಿಯಲೇ ಇಲ್ಲ. ಕೊನೆಕೊನೆಗೆ ಅವರ ಹೆಂಡತಿಯೂ ಬಾಗಿಲಿಗೆ ಬಂದವರಿಗೆ, "ಅಧ್ಯಕ್ಷರು ಸ್ನಾನಕ್ಕೆ ಹೋಗಿದಾರೆ, ಕೂತ್ಕೊಳ್ಳಿ" ಎನ್ನುತ್ತಿದ್ದರು.

ಬೆಳಿಗ್ಗೆ ಬಿಳಿ ಬೂಟು, ಬಿಳಿ ಟೋಪಿ ಹಾಕಿಕೊಂಡು ಪಾರ್ಕಿಗೆ ಬರುತ್ತಿದ್ದರು. ಎರಡು ಸುತ್ತು ಮುಗಿಯುವುದರೊಳಗೆ ನೆಲದಿಂದ ಒಂದು ಚಾಕೊಲೇಟ್ ಕಾಗದ ಹೆಕ್ಕುತ್ತಿದ್ದರು. ದಿನಕ್ಕೆ ಒಂದೇ. ಅದನ್ನು ಎರಡು ಬೆರಳಲ್ಲಿ ಹಿಡಿದು, ಎದುರಿನಿಂದ ಯಾರಾದರೂ ಬರುವ ತನಕ ಎದೆಮಟ್ಟಕ್ಕೆ ಎತ್ತಿಕೊಂಡೇ ನಡೆದು, ಬಂದವರು ನೋಡಿದ್ದು ಖಾತ್ರಿಯಾದ ಮೇಲೆ ಕಸದ ಡಬ್ಬಿಗೆ ಹಾಕುತ್ತಿದ್ದರು. ಜೋರು ಮಳೆ ಬಂದು ಪಾರ್ಕಿಗೆ ಒಬ್ಬರೂ ಬಾರದ ದಿನ ಆ ಕಾಗದದ ಗತಿ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಅವರಿಗೆ ಒಂದು ಸಿದ್ಧಾಂತವಿತ್ತು. ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. "ಕಸ ಅನ್ನೋದೇ ಇಲ್ಲ ಕಣಮ್ಮ ಪ್ರಪಂಚದಲ್ಲಿ. ನಮಗೆ ಬೇಡವಾಗಿದ್ದು ಇನ್ನೊಬ್ಬರಿಗೆ ಬೇಕಾಗಿರುತ್ತೆ." ಮೊದಮೊದಲು ನನಗೂ ಇದು ದೊಡ್ಡ ಮಾತಾಗಿ ಕೇಳಿಸಿತ್ತು. ಇದರ ಅರ್ಥ ತಿಳಿದದ್ದು ಅವರ ಮನೆಗೆಲಸದ ಪುಟ್ಟಮ್ಮನಿಂದ. ವರ್ಷಕ್ಕೊಂದು ಫೋನ್ ಬದಲಾಯಿಸುವ ಅಧ್ಯಕ್ಷರು ಹಳೆಯದೊಂದನ್ನು ಅವಳಿಗೆ ಕೊಟ್ಟಿದ್ದರು. ಬ್ಯಾಟರಿ ಊದಿಕೊಂಡು ಫೋನಿನ ಬೆನ್ನು ಬಿರಿದಿತ್ತು. ಅವಳು ಮನೆಯಲ್ಲಿ ಚಾರ್ಜಿಗೆ ಹಾಕಿದಾಗ ಅದು ಕಾದು ಹೊಗೆಯಾಡಿತಂತೆ, ಅವಳು ಹೆದರಿ ಬೀದಿಗೆಸೆದಳಂತೆ. "ಕೊಟ್ಟಿದ್ದಕ್ಕೆ ಬೆಲೆಯೇ ಇಲ್ಲ ಈ ಜನಕ್ಕೆ" ಎಂದು ಅಧ್ಯಕ್ಷರು ಪಾರ್ಕಿನಲ್ಲಿ ಎಲ್ಲರೆದುರು ನೊಂದುಕೊಂಡರು. ಪುಟ್ಟಮ್ಮ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಅವ್ರ ಮನೇಲಿ ಇಟ್ಕೊಳ್ಳೋಕೆ ಭಯ ಆಗಿ ನಂಗೆ ಕೊಟ್ಟವ್ರೆ ಕಣಮ್ಮ."

ಅಧ್ಯಕ್ಷರ ಕೀರ್ತಿಯೆಲ್ಲ ನಿಂತಿದ್ದದ್ದು ಇ-ತ್ಯಾಜ್ಯ ಸಂಗ್ರಹದ ಮೇಲೆ. ದಸರಾಕ್ಕೆ ಮುಂಚೆ ಬೊಂಬೆ ಕೂರಿಸಲೆಂದು ನಮ್ಮ ಕಡೆ ಅಟ್ಟದ ಪೆಟ್ಟಿಗೆಗಳನ್ನು ಇಳಿಸುತ್ತಾರೆ. ಬೊಂಬೆಗಳ ಜೊತೆಗೆ ಸತ್ತ ಟಿ.ವಿ., ಸತ್ತ ಮಿಕ್ಸಿ, ಯಾವುದಕ್ಕೂ ಹೊಂದದ ಚಾರ್ಜರುಗಳ ಗಂಟು ಎಲ್ಲವೂ ಇಳಿಯುತ್ತವೆ. ಆಗ ಒಂದು ಭಾನುವಾರ ನೋಡಿ ಅಧ್ಯಕ್ಷರು ಪಾರ್ಕಿನಲ್ಲಿ ಶಾಮಿಯಾನ ಹಾಕಿಸುತ್ತಿದ್ದರು. ಮೊದಲ ವರ್ಷ, ಇಂಥದ್ದನ್ನು ಬಿಚ್ಚಿ ಬೇರ್ಪಡಿಸಲು ಪರವಾನಗಿ ಪಡೆದ ಸಂಸ್ಥೆಯೊಂದರ ವ್ಯಾನು ಬಂದು ಎಲ್ಲವನ್ನೂ ತೂಕ ಹಾಕಿ ತುಂಬಿಕೊಂಡು, ಸಂಘಕ್ಕೆ ಒಂದು ಪ್ರಮಾಣಪತ್ರ ಕೊಟ್ಟು ಹೋಯಿತು. ಎರಡನೆಯ ವರ್ಷದಿಂದ ಆ ವ್ಯಾನನ್ನು ಅಧ್ಯಕ್ಷರು ಕರೆಯಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. "ಅವರಿಗೆ ಕೊಟ್ರೆ ಒಂದು ಚೀಟಿ ಕೊಡ್ತಾರೆ, ಅಷ್ಟೇ ಕಣಮ್ಮ. ಶಾಲೆಗೆ ಕೊಟ್ರೆ ಮಕ್ಕಳು ಚಪ್ಪಾಳೆ ತಟ್ತಾರೆ."

ಆಮೇಲಿನಿಂದ ಬಂದ ಸಾಮಾನನ್ನು ಅವರೇ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಅಂದರೆ ಮಾನಿಟರಿನ ನೆತ್ತಿಗೆ ಅಂಗೈಯಿಂದ ಎರಡು ಪೆಟ್ಟು ಕೊಡುವುದು. ಪ್ಲಗ್ಗಿಗೆ ಹಾಕುತ್ತಿರಲಿಲ್ಲ. ಪಾರ್ಕಿನಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಎರಡು ಪೆಟ್ಟು ಬಿದ್ದ ಮೇಲೂ ಒಳಗೇನೂ ಲೊಡಲೊಡ ಅನ್ನದಿದ್ದರೆ ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ ನೀಲಿ ಶಾಯಿಯಲ್ಲಿ 'ವರ್ಕಿಂಗ್' ಎಂದು ಬರೆದು, ತುದಿಗೊಂದು ಕುಂಕುಮದ ಬೊಟ್ಟು ಇಡುತ್ತಿದ್ದರು. ಬಡಾವಣೆಯ ಜನ ತಮ್ಮ ಅಟ್ಟ ಖಾಲಿಯಾದ ಸಂತೋಷದಲ್ಲಿ ಮೈಸೂರ್ ಪಾಕು ತಿಂದು ಮನೆಗೆ ಹೋಗುತ್ತಿದ್ದರು.

ಇಂಥವರನ್ನು ನಮ್ಮ ಶಾಲೆಗೆ ಕರೆದುಕೊಂಡು ಹೋದವಳು ನಾನು. ಹೆಬ್ಬಾಳದ ಕಾರ್ಖಾನೆಗಳ ಸಾಲು ದಾಟಿದ ಮೇಲೆ ಸಿಗುವ ಸರ್ಕಾರಿ ಶಾಲೆ ನಮ್ಮದು. ಪಾಳಿಯ ಕೆಲಸಕ್ಕೆ ಹೋಗುವವರ ಜೊತೆ ಬಸ್ಸಿನಲ್ಲಿ ನಿಂತು ಹೋಗುತ್ತೇನೆ. ಅವರ ಮಕ್ಕಳೇ ನಮ್ಮ ಮಕ್ಕಳು. ಒಂದರಿಂದ ಮೂರನೆಯ ತರಗತಿಯವರನ್ನು ಒಟ್ಟಿಗೆ ಕೂರಿಸಿ ಹಾಡು, ಆಟ, ಕಾರ್ಡುಗಳಿಂದ ಕಲಿಸುವ ನಲಿ-ಕಲಿ ನನ್ನ ಪಾಲಿನದು. ಶಾಲೆಗೆ ಒಂದೂ ಕಂಪ್ಯೂಟರ್ ಇರಲಿಲ್ಲ. ಪಾರ್ಕಿನಲ್ಲಿ ಒಂದು ದಿನ ಬಾಯಿಬಿಟ್ಟು ಹೇಳಿದೆ. ಅಧ್ಯಕ್ಷರು ಬೂಟು ನಿಲ್ಲಿಸಿ, "ಹೇಳೋದಲ್ವಾ ಟೀಚರಮ್ಮ ಇಷ್ಟು ದಿನ!" ಅಂದರು.

ಮುಖ್ಯ ಶಿಕ್ಷಕಿ ಫಿಲೋಮಿನಾ ಮೇಡಂ ಹಿಗ್ಗಿಹೋದರು. ತಲೆಮಾರುಗಳಿಂದ ಮೈಸೂರಿನಲ್ಲೇ ಇರುವ ಕುಟುಂಬ ಅವರದು. ದಿನಾ ಚರ್ಚಿನ ಬೆಳಗಿನ ಪೂಜೆ ಮುಗಿಸಿಕೊಂಡೇ ಶಾಲೆಗೆ ಬರುವವರು, ಯಾರ ಮನಸ್ಸನ್ನೂ ನೋಯಿಸಲಾರದವರು. ಒಳ್ಳೆಯ ಬಾಗಿಲು, ಕಿಟಕಿಗೆ ಕಬ್ಬಿಣದ ಸರಳು ಇದ್ದದ್ದು ನನ್ನ ನಲಿ-ಕಲಿ ಕೊಠಡಿಗೆ ಮಾತ್ರ. ಕಂಪ್ಯೂಟರಿಗೆ ಭದ್ರವಾದ ಜಾಗ ಬೇಕಲ್ಲ. ಒಂದು ತಿಂಗಳ ಮಟ್ಟಿಗೆ ನನ್ನ ಮಕ್ಕಳನ್ನು ಜಗುಲಿಗೆ ಕಳಿಸುವುದೆಂದಾಯಿತು. ನಾನೇ ಒಪ್ಪಿದೆ.

ಅಧ್ಯಕ್ಷರು ಸಣ್ಣ ಲಾರಿಯ ಹಿಂದೆ ಕಾರಿನಲ್ಲಿ ಬಂದರು. ಇಳಿದವರ ಕೈಯಲ್ಲಿ ಒಂದು ಚೀಲವಿತ್ತು. ಅದರಲ್ಲಿ ಅವರಿಗೆ ಹೊದಿಸಬೇಕಾದ ಶಾಲು, ತೊಡಿಸಬೇಕಾದ ಮೈಸೂರು ಪೇಟ, ಕೊಡಬೇಕಾದ ಹಣ್ಣಿನ ಬುಟ್ಟಿ ಎಲ್ಲವನ್ನೂ ಅವರೇ ತಂದಿದ್ದರು. "ನಿಮ್ಮ ಪೇಟ ನನ್ನ ತಲೆಗೆ ಸಡಿಲ ಆಗ್ಬುಡುತ್ತೆ, ಫೋಟೋದಲ್ಲಿ ಚೆನ್ನಾಗಿರಲ್ಲ" ಎಂದು ಫಿಲೋಮಿನಾ ಮೇಡಂಗೆ ವಿವರಿಸಿದರು. ನಾವು ಅವರ ಶಾಲನ್ನು ಅವರಿಗೇ ಹೊದಿಸಿದೆವು. ಮಕ್ಕಳು ಬಿಸಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಸಮಾರಂಭ ಮುಗಿದ ಮೇಲೆ ಶಾಲು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಬೇರೆ ಶಾಲೆಗೆ ಬೇಕಾಗುತ್ತದೆ.

ನನ್ನ ಅಕ್ಷರ ದುಂಡಗಿದೆ ಎಂದು ಶಾಲೆಯ ಸಾಮಾನು ನಮೂದಿಸುವ ಸ್ಟಾಕ್ ರಿಜಿಸ್ಟರ್ ನನ್ನ ವಶದಲ್ಲಿದೆ. ಅಧ್ಯಕ್ಷರು ನನ್ನ ಹೆಗಲ ಮೇಲಿಂದ ಬಗ್ಗಿ ನಿಂತು ಬರೆಸಿದರು. ಕಂಪ್ಯೂಟರು ಇಪ್ಪತ್ತೆರಡು, ಪ್ರಿಂಟರು ಮೂರು, ಇನ್ವರ್ಟರ್ ಬ್ಯಾಟರಿ ಎರಡು. ಕೊನೆಯ ಕಲಮಿನಲ್ಲಿ ಸಾಮಾನಿನ ಸ್ಥಿತಿ ಏನೆಂದು ಬರೆಯಬೇಕು. ನಾನು ಪೆನ್ನು ಎತ್ತಿ ಹಿಡಿದಿದ್ದೆ. "ಸುಸ್ಥಿತಿಯಲ್ಲಿವೆ ಅಂತ ಬರೀರಮ್ಮ, ನೀಟಾಗಿ" ಎಂದರು. ಮನೆ ಬಾಗಿಲಿಗೆ ಕೊಡಲು ಬಂದವರ ಎದುರು ಪ್ಲಗ್ ಹಾಕಿ ನೋಡುತ್ತೇನೆ ಎನ್ನುವುದು ನಮ್ಮ ಊರಿನ ಮರ್ಯಾದೆಯಲ್ಲ. ಬರೆದೆ. ಫಿಲೋಮಿನಾ ಮೇಡಂ ರುಜು ಹಾಕಿ ಸೀಲು ಒತ್ತಿದರು.

ಮುಂದಿನ ವಾರ ನನ್ನ ತರಗತಿಯ ಹುಡುಗಿಯೊಬ್ಬಳ ಅಪ್ಪ, ಹೆಬ್ಬಾಳದ ಕಾರ್ಖಾನೆಯಲ್ಲಿ ಕಂಪ್ಯೂಟರ್ ದುರಸ್ತಿ ನೋಡಿಕೊಳ್ಳುವ ಮಹದೇವು, ರಜಾ ಹಾಕಿ ಬಂದು ಒಂದೊಂದೇ ಬಿಚ್ಚಿದರು.

"ಮೇಡಂ, ಇದ್ರೊಳಗೆ ಹಾರ್ಡ್ ಡಿಸ್ಕೇ ಇಲ್ಲ. ಯಾರೋ ಮೊದ್ಲೇ ಬುಚ್ಕೊಂಡವ್ರೆ. ಇದ್ರದ್ದು ಬೋರ್ಡೇ ಸುಟ್ಟೋಗದೆ."

"ಒಂದಾದ್ರೂ ಓಡುತ್ತಾ ಮಹದೇವು?"

ಅವರು ಇನ್ನೊಂದರ ಮುಚ್ಚಳ ತೆಗೆದು ಹಿಂದೆ ಸರಿದರು. "ಓಡೋದು ಈ ಜಿರಳೆ ಒಂದೇ ಮೇಡಂ."

ತಪ್ಪಾಯಿತು, ಹಿಂದಕ್ಕೆ ಕಳಿಸಿ ಎನ್ನಬಹುದು. ಆದರೆ ರಿಜಿಸ್ಟರಿಗೆ ಏರಿದ ಸಾಮಾನು ಸರ್ಕಾರದ್ದು. ಅದನ್ನು ಹೊರಗೆ ಹಾಕಬೇಕಾದರೆ ಕೆಟ್ಟಿದೆ ಎಂದು ಮೇಲಿನ ಕಚೇರಿ ಒಪ್ಪಬೇಕು. ಆ ಕಚೇರಿಯ ಗುಮಾಸ್ತರು ನಮ್ಮ ಅರ್ಜಿ ಓದಿ ನಕ್ಕರು. "ಏನ್ರೀ ಇದು, ಸುಸ್ಥಿತೀಲಿ ಬಂದಿದ್ದು ಒಂದು ವಾರದಲ್ಲಿ ಇಪ್ಪತ್ತೆರಡೂ ಕೆಟ್ಟೋದ್ವಾ? ಏನು ಮಾಡಿದ್ರಿ ಅವಕ್ಕೆ?" ಆಮೇಲೆ ಪಾಪ, ಅವರೇ ದಾರಿ ಹೇಳಿದರು. "ಕೊಡುವಾಗ್ಲೇ ಕೆಟ್ಟಿದ್ವು ಅಂತ ಕೊಟ್ಟೋರ ಕೈಲಿ ಒಂದು ಸಾಲು ಬರೆಸ್ಕೊಂಡು ಬನ್ನಿ. ಇಲ್ಲಾ, ತಪ್ಪು ನಮೂದು ಮಾಡಿದ್ವಿ ಅಂತ ನೀವೇ ಬರ್ಕೊಡಿ. ಆದ್ರೆ ನಿಮಗೆ ನೋಟಿಸ್ ಬರುತ್ತೆ ನೋಡಿ." ಎರಡನೆಯ ದಾರಿ ಕಿವಿಗೆ ಬೀಳಲೇ ಇಲ್ಲ ಎಂಬಂತೆ ಎದ್ದು ಬಂದೆವು. ತಪ್ಪು ಯಾರದೋ, ನೋಟಿಸ್ ನಮಗ್ಯಾಕೆ?

ಒಂದು ಸಾಲು ತಾನೇ ಎಂದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಹಾಲಿನ ಗೋಡೆ ತುಂಬ ಸ್ಮರಣಿಕೆಗಳು, ಕೆಳಗೆ ಗೋಡೆಯಷ್ಟಗಲದ ಹೊಸ ಟಿ.ವಿ. ಬೆಳ್ಳಿ ಲೋಟದಲ್ಲಿ ಕಾಫಿ ಬಂತು. ವಿಷಯ ಕೇಳಿ ಅವರು ಬಹಳ ಹೊತ್ತು ನನ್ನನ್ನು ಕನಿಕರದಿಂದ ನೋಡಿದರು. "ಉಪಯೋಗಿಸೋಕೆ ಬರಬೇಕು ಕಣಮ್ಮ. ನಿಮ್ಮ ಶಾಲೇಲಿ ವೋಲ್ಟೇಜು ಸರಿಯಿಲ್ಲ." ಹಾರ್ಡ್ ಡಿಸ್ಕೇ ಇರಲಿಲ್ಲ ಸಾರ್ ಅಂದೆ. "ನಿಮ್ಮ ಮಹದೇವು ತೆಗೆದಿರಬಹುದಲ್ವಾ?" ಅಂದರು. ಒಂದು ದಿನದ ಸಂಬಳ ಕಳೆದುಕೊಂಡು ಬಂದು ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡವರನ್ನು ಕಾಫಿ ಆರುವುದರೊಳಗೆ ಕಳ್ಳನನ್ನಾಗಿ ಮಾಡಿದರು. ಅಂದಿನಿಂದ ಅವರನ್ನು ಕಂಡರೆ ನನಗೆ ಬರೀ ಸಿಟ್ಟಲ್ಲ, ಹೇಸಿಗೆ.

ಒಂದು ತಿಂಗಳು ಒಂದು ವರ್ಷವಾಯಿತು. ನಲಿ-ಕಲಿ ಕೊಠಡಿಯಲ್ಲಿ ಮಕ್ಕಳ ಎತ್ತರಕ್ಕೆ ಗೋಡೆಯುದ್ದಕ್ಕೂ ಕರಿಹಲಗೆ ಬಳಿದಿರುತ್ತದೆ, ಮೇಲೆ ದಾರ ಕಟ್ಟಿ ಅವರು ಬರೆದ ಚಿತ್ರಗಳನ್ನು ತೂಗುಹಾಕುವ ಚಪ್ಪರವಿರುತ್ತದೆ. ಜಗುಲಿಯಲ್ಲಿ ಏನಿದೆ? ಗಾಳಿ ಬಂದರೆ ಅಕ್ಷರದ ಕಾರ್ಡುಗಳು ಅಂಗಳಕ್ಕೆ ಹಾರುತ್ತಿದ್ದವು, ಮಕ್ಕಳು ಅವುಗಳ ಹಿಂದೆ ಹಾರುತ್ತಿದ್ದರು. ಮಳೆ ಬಂದರೆ ಎಲ್ಲರೂ ಗೋಡೆಗೆ ಅಂಟಿ ನಿಲ್ಲುತ್ತಿದ್ದರು. ನಾನು ಪಾಠ ಮಾಡಿದ್ದಕ್ಕಿಂತ ಚಾಪೆ ಎಳೆದದ್ದೇ ಹೆಚ್ಚು. ಬೀಗ ಹಾಕಿದ ಕೊಠಡಿಯೊಳಗೆ ಇಪ್ಪತ್ತೆರಡು ಕುಂಕುಮದ ಬೊಟ್ಟುಗಳು ಆರಾಮಾಗಿ ಕೂತಿದ್ದವು.

ಆ ವರ್ಷದ ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ನೀರು ಒಳಗಿಳಿಯಿತು. ಬಿರುಕು ಬಿಟ್ಟಿದ್ದ ಇನ್ವರ್ಟರ್ ಬ್ಯಾಟರಿಯ ಆಸಿಡ್ಡು ಆ ನೀರಿನ ಜೊತೆ ಬಾಗಿಲ ಕೆಳಗಿಂದ ಜಗುಲಿಗೆ ಹರಿದುಬಂದದ್ದನ್ನು ನಾನು ನೋಡಲಿಲ್ಲ. ಮಳೆನೀರು ಅಂದುಕೊಂಡೆ. ಮಾರನೆಯ ದಿನ ಎರಡನೆಯ ತರಗತಿಯ ಶ್ವೇತಾಳ ತಾಯಿ ರಾತ್ರಿಪಾಳಿ ಮುಗಿಸಿ ಮನೆಗೆ ಹೋದವಳು ಅಲ್ಲಿಂದ ಸೀದಾ ಶಾಲೆಗೆ ಬಂದಳು. ಕೈಯಲ್ಲಿ ಮಗಳ ಸಮವಸ್ತ್ರದ ಲಂಗ. ಹಿಂಭಾಗ ಪೂರ್ತಿ ತೂತು ತೂತು.

"ಮಿಸ್, ಎಂಗಾಗದೆ ನೋಡಿ. ಒಗ್ಯಕೆ ಹಾಕುದ್ರೆ ಕೈಗೇ ಪುಡಿಪುಡಿಯಾಗಿ ಬಂತು. ಮಗೀಗೆ ತೊಡೆ ಮೇಲೆ ಕೆಂಪಗೆ ಗುಳ್ಳೆ ಎದ್ದವೆ. ರಾತ್ರಿಯೆಲ್ಲ ಉರಿ ಉರಿ ಅಂತ ಅತ್ತದೆ ಅಂತೆ. ನಾನಿರ್ಲಿಲ್ಲ."

ನನ್ನನ್ನು ಬೈಯಲಿಲ್ಲ ಅವಳು. ಬೈದಿದ್ದರೆ ವಾಸಿಯಾಗಿತ್ತು. ಮಗುವನ್ನು ವೈದ್ಯರಿಗೆ ತೋರಿಸಿದೆವು, ಜಗುಲಿಗೆ ಸೋಡಾಪುಡಿ ಹಾಕಿ ತೊಳೆಸಿದೆವು. ಆ ಲಂಗವನ್ನು ಚೀಲಕ್ಕೆ ಹಾಕಿಕೊಂಡು ಎರಡನೆಯ ಸಲ ಅಧ್ಯಕ್ಷರ ಮನೆಗೆ ಹೋದೆ.

ಲಂಗವನ್ನು ಅವರ ಟೀಪಾಯಿಯ ಮೇಲೆ ಬಿಡಿಸಿಟ್ಟೆ. ಅವರು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿಕೊಂಡರು, ಲಂಗಕ್ಕೆ ತಾಗಬಾರದೆಂದು. "ಮಕ್ಕಳು ಅಂದ್ಮೇಲೆ ಬಟ್ಟೆ ಹರ್ಕೊಳ್ತಾರೆ" ಅಂದರು. ಒಳಗಿನಿಂದ ಅವರ ಹೆಂಡತಿ ಬಂದು ಲಂಗವನ್ನು ಕೈಗೆತ್ತಿಕೊಂಡು, ತೂತಿನಲ್ಲಿ ಬೆರಳು ಆಡಿಸಿ, "ಬರ್ಕೊಡಿ ಅಂದ್ರೆ, ಒಂದು ಸಾಲು" ಎಂದರು. "ನೀನು ಸುಮ್ನಿರು" ಎಂದರು ಅಧ್ಯಕ್ಷರು. ಆಮೇಲೆ ನನ್ನ ಕಡೆಗೆ ಬಗ್ಗಿ, ದನಿ ತಗ್ಗಿಸಿ, ಪರಿಸರ ಪ್ರೇಮಿಗಳು ತಮ್ಮ ಮನಸ್ಸಿನ ಮಾತು ಹೇಳಿದರು. "ಅಷ್ಟು ತೊಂದ್ರೆ ಆದ್ರೆ ಗುಜರಿಯವನಿಗೆ ಹಾಕ್ಬುಡಿ ಟೀಚರಮ್ಮ. ಅವನು ಒಡೆದು ಸುಟ್ಟು ಏನೋ ಮಾಡ್ಕೋತಾನೆ. ರಿಜಿಸ್ಟರ್‌ನ ಯಾರು ನೋಡ್ತಾರೆ?"

ಸುಳ್ಳೇಕೆ, ನನಗೂ ಆಸೆಯಾಯಿತು. ಶಾಲೆಯ ಹಿಂದಿನ ಕೆರೆಯ ಪಕ್ಕ ಸಿದ್ದರಾಜು ಎಂಬವನ ಗುಜರಿ ಅಂಗಡಿ. ಹತ್ತಿರದ ಹಳ್ಳಿಯ ಬೇಸಾಯದ ಮನೆಯವನು, ಈಗ ಇದೇ ಕಸುಬು. ಹೋಗಿ ಕೇಳಿದೆ.

"ತಗೋತೀನಿ ಬುಡಿ ಮೇಡಂ. ವೈರು ಸುಟ್ಟು ತಾಮ್ರ ತಗೀತೀವಿ. ಆ ದಪ್ಪ ಗಾಜಿನ ಡಬ್ಬ ಅವಲ್ಲ, ಅವುನ್ನ ಒಡ್ದು ಒಳಗಿಂದು ತಕ್ಕೊಂಡು ಮಿಕ್ಕಿದ್ದ ಕೆರೆ ಗುಂಡಿಗೆ ತಳ್ಬುಡೋದು."

"ಹೊಗೆ ನಿಮಗೆ ಏನೂ ಮಾಡಲ್ವಾ?"

"ಮಾಡ್ದೆ ಏನು? ನಮ್ಮೆಂಗುಸ್ರು ಕೆಮ್ಮಾದು ಕೇಳುಸ್ತಿಲ್ವಾ?"

ಕೇಳಿಸುತ್ತಿತ್ತು. ತಡಿಕೆಯ ಆಚೆ ಅವನ ಹೆಂಡತಿ ಮೂಗಿಗೆ ಸೆರಗು ಕಟ್ಟಿಕೊಂಡು, ಉರಿಯುವ ವೈರಿನ ಗುಡ್ಡೆಯನ್ನು ಕೋಲಿನಿಂದ ಕೆದಕುತ್ತಿದ್ದಳು. ಹೊಗೆ ಕಪ್ಪಗೆ ದಪ್ಪಗೆ ಕೆರೆಯ ಮೇಲೆ ಹರಡಿತ್ತು. ಸುತ್ತಲ ಮಣ್ಣಿನಲ್ಲಿ ಹುಲ್ಲು ಹುಟ್ಟಿರಲಿಲ್ಲ. ಆ ಗುಂಡಿಯ ಅಂಚಿನಲ್ಲೇ ಎರಡು ಹಸು ಬಾಯಿ ಹಾಕಿ ನೀರು ಕುಡಿಯುತ್ತಿದ್ದವು. ಅಲ್ಲಿಗೆ ಹೋಗುವ ಮೊದಲು ನಾನು ಆ ಪರವಾನಗಿಯ ಸಂಸ್ಥೆಗೆ ಫೋನು ಮಾಡಿದಾಗ ಅಲ್ಲಿಯ ಹುಡುಗಿ, "ಮೇಡಂ, ಆ ಹಳೇ ಮಾನಿಟರ್ ಗಾಜಲ್ಲಿ ಸೀಸ ಇರುತ್ತೆ, ದಯವಿಟ್ಟು ಯಾರಿಗೂ ಒಡೆಯೋಕೆ ಬಿಡಬೇಡಿ, ನೀರಿಗೆ ಇಳಿದ್ರೆ ತೆಗೆಯೋಕೆ ಆಗಲ್ಲ. ನಿಮ್ಮ ಕಚೇರಿಯಿಂದ ಒಂದು ಪತ್ರ ತನ್ನಿ, ನಾವೇ ವ್ಯಾನ್ ಕಳಿಸ್ತೀವಿ" ಎಂದು ಬೇಡಿಕೊಂಡಿದ್ದಳು. ಸಿದ್ದರಾಜುವಿಗೆ ಬೇಡ ಎಂದು ಬಂದೆ. ಅವನ ಮೇಲೆ ನನಗೆ ಏನೂ ಕೋಪವಿಲ್ಲ. ತಾನು ಮಾಡುವುದು ಏನೆಂದು ಅವನು ಕೇಳಿದ ತಕ್ಷಣ ಹೇಳಿದ. ಆ ಕೆಲಸವನ್ನು ಅವನ ತಲೆಗೆ ಕಟ್ಟಿ, ತಾನು ಪೇಟ ಸುತ್ತಿಕೊಂಡು ಫೋಟೋಗೆ ನಿಲ್ಲುವ ಮನುಷ್ಯನ ಬಗ್ಗೆ ನನ್ನ ತಿರಸ್ಕಾರ.

ಮೂರನೆಯ ಸಲ ಹೋದಾಗ ಅಧ್ಯಕ್ಷರು ಆಸ್ಪತ್ರೆಯಿಂದ ಬಂದು ಹಾಸಿಗೆ ಹಿಡಿದಿದ್ದರು. ಆಗ ಎರಡು ವರ್ಷ ತುಂಬುತ್ತಾ ಬಂದಿತ್ತು. ಕಾಯಿಲೆಯವರನ್ನು ಪೀಡಿಸಬಾರದು ಎಂದು ಫಿಲೋಮಿನಾ ಮೇಡಂ ಹೇಳಿದ್ದರು. ನಾನು ಕೇಳಲಿಲ್ಲ. ಬರೆದ ಕಾಗದ ನಾನೇ ಒಯ್ದಿದ್ದೆ, ರುಜು ಹಾಕಿದರೆ ಸಾಕಿತ್ತು. ಅವರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ ಮಡಿಸಿದರು.

"ನಾನು ಕೊಟ್ಟಿದ್ದು ಕಸ ಅಂತ ನಾನೇ ಬರ್ಕೊಡಬೇಕಾ? ನಾನು ಹೋದ್ಮೇಲೆ ಉಳಿಯೋದು ಇದೊಂದೇ ಅಲ್ವೇನಮ್ಮ?"

ಆ ಗಳಿಗೆಯಲ್ಲಿ ಅಯ್ಯೋ ಅನ್ನಿಸಿತು, ನಿಜ. ಸೊರಗಿದ ಮುಖ, ನೀರು ತುಂಬಿದ ಕಣ್ಣು. ಆಟೋ ಹತ್ತುವ ಹೊತ್ತಿಗೆ ಅದು ಆರಿಹೋಯಿತು. ಉಳಿಯುತ್ತದೆ ಅಂದದ್ದರಲ್ಲಿ ತಪ್ಪೇನೂ ಇಲ್ಲ. ಸೀಸ ಉಳಿಯುತ್ತದೆ, ಪ್ಲಾಸ್ಟಿಕ್ಕು ಉಳಿಯುತ್ತದೆ. ಜಗುಲಿಯ ಮೇಲೆ ಮುಗಿದುಹೋದ ಮಗುವಿನ ಒಂದನೆಯ ತರಗತಿ ಮಾತ್ರ ಉಳಿಯುವುದಿಲ್ಲ. ಎರಡು ತಿಂಗಳಲ್ಲಿ ಅಧ್ಯಕ್ಷರು ಹೋದರು. ಆ ಕಾಗದವೂ ಅವರ ದಿಂಬಿನ ಕೆಳಗೆಲ್ಲೋ ಹೋಯಿತು.

ಶ್ರದ್ಧಾಂಜಲಿ ಸಭೆ ಮುಗಿದು ಎಲ್ಲರೂ ಏಳುವಾಗ ಸಂಘದ ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಕಂಪ್ಯೂಟರ್ ಕೊಠಡಿಗೆ ಅಧ್ಯಕ್ಷರ ಹೆಸರಿಡೋಣ ಅಂತ ತೀರ್ಮಾನ ಆಗಿದೆ. ಫೋಟೋ, ಬೋರ್ಡು ಎಲ್ಲಾ ನಾವೇ ತರ್ತೀವಿ. ಈ ವರ್ಷ ಬಂದಿರೋ ಸಾಮಾನೂ ನಿಮ್ಮಲ್ಲಿಗೇ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ಬೆಳಿಗ್ಗೆ ಶಾಲೆಗೆ ಹೋದವಳೇ ಒಂದು ಕಾಗದ ತೆಗೆದುಕೊಂಡು ಬರೆದೆ. ದಾನವಾಗಿ ಬಂದ ಸಾಮಾನನ್ನು ಪರೀಕ್ಷಿಸದೆ ಸುಸ್ಥಿತಿಯಲ್ಲಿವೆ ಎಂದು ನಮೂದು ಮಾಡಿದ್ದು ನನ್ನ ತಪ್ಪು, ಅವು ಬರುವಾಗಲೇ ಕೆಟ್ಟಿದ್ದವು. ನಾಲ್ಕು ಸಾಲೂ ಆಗಲಿಲ್ಲ. ಫಿಲೋಮಿನಾ ಮೇಡಂಗೆ ನಿವೃತ್ತಿಗೆ ಇನ್ನು ಒಂದೇ ವರ್ಷ. ಅವರ ಹೆಸರು ಬೇಡವೆಂದು ಬಿಟ್ಟಿದ್ದೆ. ಓದಿ ನೋಡಿ, "ಸೀಲು ಒತ್ತಿದ್ದು ನಾನೇ ಅಲ್ವೇನ್ರೀ?" ಎಂದು ಕೆಳಗೆ ತಮ್ಮ ರುಜುವನ್ನೂ ಹಾಕಿದರು.

ಇಬ್ಬರಿಗೂ ನೋಟಿಸ್ ಬಂತು. ಉತ್ತರ ಕೊಟ್ಟೆವು. ಯಾರ ತಲೆಯೂ ಹೋಗಲಿಲ್ಲ. ಅರ್ಜಿ ಕೊಟ್ಟ ತಿಂಗಳೊಳಗೆ ಕಚೇರಿಯ ಪತ್ರ ಕೈಗೆ ಬಂದು, ವ್ಯಾನು ಬಂದು, ಕೈಗವಸು ತೊಟ್ಟ ನಾಲ್ಕು ಜನ ಮಾನಿಟರುಗಳನ್ನು ಒಡೆಯದಂತೆ ಎತ್ತಿ ಇಳಿಸಿ, ಬ್ಯಾಟರಿಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಸಂಘದವರಿಗೆ ಬೋರ್ಡು ತರಬೇಡಿ ಎಂದು ಫೋನಿನಲ್ಲಲ್ಲ, ಮನೆಗೇ ಹೋಗಿ ಹೇಳಿಬಂದೆ. ನನ್ನ ಮಕ್ಕಳು ಈಗ ಒಳಗೆ ಕೂರುತ್ತಾರೆ. ಎರಡು ವರ್ಷ ಬೇಡಿ, ಅತ್ತು, ಶಪಿಸಿ ಆಗದ ಕೆಲಸ ಒಂದು ತಿಂಗಳಲ್ಲಿ ಆಯಿತು.

ಅರ್ಜಿ ಕೊಟ್ಟ ದಿನದ ಒಂದು ಮಾತು ಮಾತ್ರ ಹೇಳಬೇಕಾಗಿದೆ. ಮೇಲಿನ ಕಚೇರಿಯ ಅಧಿಕಾರಿಗಳು ನನ್ನ ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಬರುವಾಗಲೇ ಕೆಟ್ಟಿದ್ವು ಅಂತ ಬರೆದಿದೀರಿ. ನಿಮಗೆ ಹೆಂಗ್ರೀ ಗೊತ್ತು? ನೀವೇನು ಇಂಜಿನಿಯರಾ?"

ಫಿಲೋಮಿನಾ ಮೇಡಂ ನನ್ನ ಮುಖ ನೋಡಿದರು. ಅವರಿಗೂ ನಾನು ಹೇಳಿರಲಿಲ್ಲ.

"ಅದ್ರಲ್ಲಿ ಒಂದು ನನ್ನ ಮನೇದು ಸಾರ್" ಎಂದೆ. "ನಾಲ್ಕು ವರ್ಷ ಅಟ್ಟದ ಮೇಲೆ ಕೆಟ್ಟು ಬಿದ್ದಿತ್ತು. ಪಾರ್ಕಿಗೆ ಹೊತ್ಕೊಂಡು ಹೋಗಿ ಕೊಟ್ಟೋಳು ನಾನೇ. ಶಾಲೇಲಿ ಲಾರಿಯಿಂದ ಇಳಿಸುವಾಗಲೇ ಗುರುತು ಸಿಕ್ತು. ಗುರುತು ಸಿಕ್ಕಿದ್ಮೇಲೇ ಸುಸ್ಥಿತಿಯಲ್ಲಿವೆ ಅಂತ ಬರೆದೆ."

ಅಧಿಕಾರಿಗಳು ಕಾಗದವನ್ನು ನನ್ನ ಕಡೆಗೆ ತಿರುಗಿಸಿ, ತಮ್ಮ ಪೆನ್ನನ್ನು ಅದರ ಮೇಲಿಟ್ಟರು.

"ಅದನ್ನೂ ಬರೀರಿ."

ಬರೆದೆ.